ಒಳಗೆ ಮಡಚಿ ಕೊಟ್ಟ ಶಲ್ಯ

ನಾನು ನಿಂತಿದ್ದ ಜಾಗ ಯರಗುಪ್ಪಿಯ ಬಸವಣ್ಣನ ಗುಡಿಯ ಎಡಗಡೆಯ ಕಟ್ಟೆ. ೧೯೮೪ನೇ ಇಸವಿ, ಶಿವರಾತ್ರಿಗೆ ಇನ್ನೂ ಎಂಟು ದಿನ ಇತ್ತು. ನನ್ನ ಕೈಗಡಿಯಾರದಲ್ಲಿ ಹನ್ನೊಂದು ಹೊಡೆದು ಹತ್ತು ನಿಮಿಷ. ನನ್ನ ಮುಂದೆ ಬಿಳಿ ಎನಾಮಲ್ ಬೋಗುಣಿ, ಅದರ ಆಚೆ ಕುಕ್ಕರಗಾಲಲ್ಲಿ ಕೂತ ಒಬ್ಬ ಹೊಸ ಸೊಸೆ, ಬಲಗಡೆ ಕುರ್ಚಿಯ ಮೇಲೆ ನನ್ನ ಮೇಲಧಿಕಾರಿ. ಇದರಲ್ಲಿ ಯಾವುದನ್ನೂ ಅಂದಾಜಿನಿಂದ ಬರೆಯುತ್ತಿಲ್ಲ. ಅಂದಾಜಿನಿಂದ ಮಾಡಿದ ಒಂದು ಕೆಲಸದ ಬಗ್ಗೆಯೇ ಬರೆಯಲು ಕೂತಿದ್ದೇನೆ.

ನಾನು ಗ್ರಾಮಸೇವಿಕೆಯಾಗಿದ್ದೆ. ಮೊದಲು ಕಲಘಟಗಿ ತಾಲ್ಲೂಕು, ಆಮೇಲೆ ಕುಂದಗೋಳ, ಕಡೆಗೆ ನವಲಗುಂದ. ವಾರಕ್ಕೆ ಐದು ಹಳ್ಳಿ. ಹೊಗೆಯಿಲ್ಲದ ಒಲೆ, ಕೈತೋಟ, ಭೇದಿಯಾದ ಮಗುವಿಗೆ ಸಕ್ಕರೆ ಉಪ್ಪಿನ ನೀರು, ಮನೆಯಲ್ಲೇ ಸಾಬೂನು ಮಾಡುವುದು, ಬಟ್ಟೆಯ ಕಲೆ ತೆಗೆಯುವುದು, ಇವು ನಾನು ಕಲಿಸುತ್ತಿದ್ದ ಪಾಠಗಳು. ಈಗ ಇಂಥ ಕೆಲಸಕ್ಕೆ ಸೇರುವ ಹುಡುಗಿಯರು ಕಲೆ ತೆಗೆಯುವ ಪಾಠ ಎಂದರೆ ನಗುತ್ತಾರೆ. ಆಗ ಅದು ನಗುವ ಮಾತಾಗಿರಲಿಲ್ಲ. ನಾನು ಹೋಗುತ್ತಿದ್ದ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹೊಲಕ್ಕೆ ಒಂದು ಸೀರೆ, ಊರಿಗೆ ಹೋಗಲು ಒಂದು ಸೀರೆ ಇರುತ್ತಿತ್ತು. ಊರಿಗೆ ಹೋಗುವ ಸೀರೆಯ ಮೇಲೆ ಎಣ್ಣೆಗಾಯಿ ಬಿದ್ದರೆ ಅದು ಹೊಲದ ಸೀರೆಯಾಗುತ್ತಿತ್ತು. ಆಮೇಲೆ ಅವಳು ಯಾರ ಮನೆಯ ಶುಭಕಾರ್ಯಕ್ಕೂ ಹೋಗುತ್ತಿರಲಿಲ್ಲ. ಕೇಳಿದರೆ ಕೆಲಸ ಇತ್ತು ಎನ್ನುತ್ತಿದ್ದಳು. ಕಲೆ ತೆಗೆಯುವ ಪಾಠಕ್ಕೆ ಬರುವಷ್ಟು ಜನ ಒಲೆಯ ಪಾಠಕ್ಕೆ ಬರುತ್ತಿರಲಿಲ್ಲ.

ಅವರಿಗೆ ಏನೂ ಗೊತ್ತಿರಲಿಲ್ಲ ಎಂದಲ್ಲ. ಎಣ್ಣೆ ಬಿದ್ದರೆ ಜೋಳದ ಹಿಟ್ಟು ಉದುರಿಸಿ ಒಂದು ರಾತ್ರಿ ಬಿಡುತ್ತಿದ್ದರು. ಅರಿಷಿಣದ ಕಲೆಗೆ ಹುಳಿ ಮಜ್ಜಿಗೆ, ಆಮೇಲೆ ಬಿಸಿಲು. ರೇಷ್ಮೆಗೆ ಅಂಟವಾಳದ ನೊರೆ. ಇವೆಲ್ಲ ನಿಧಾನದ ಕೆಲಸಗಳು. ನನ್ನ ಟ್ರಂಕಿನಲ್ಲಿ ನಾಲ್ಕು ಬಾಟಲಿ, ಒಂದು ಸಾಬೂನಿನ ಪುಡಿಯ ಪೊಟ್ಟಣ ಇದ್ದವು. ನನ್ನದು ಬೇಗದ ಕೆಲಸ. ಹನ್ನೆರಡರ ಬಸ್ಸಿಗೆ ನಾನು ಮುಂದಿನ ಊರಿಗೆ ಹೋಗಬೇಕಿತ್ತು.

ಮೊದಲ ವರ್ಷ ಮಿಶ್ರಿಕೋಟಿಯಲ್ಲಿ ಒಂದು ತಪ್ಪು ಮಾಡಿದ್ದೆ. ಸಾರು ಚೆಲ್ಲಿದ ಧೋತರಕ್ಕೆ ನೇರವಾಗಿ ಸಾಬೂನು ಉಜ್ಜಿದೆ. ಹಳದಿ ಕಲೆ ಕಣ್ಣೆದುರಿಗೇ ಕೆಂಪಾಯಿತು. ಅರಿಷಿಣಕ್ಕೆ ಸಾಬೂನು ತಾಗಿದರೆ ಹಾಗಾಗುತ್ತದೆ ಎಂದು ತರಬೇತಿಯಲ್ಲಿ ಬರೆದುಕೊಂಡಿದ್ದೆ, ಕೈಗೆ ನೆನಪಿರಲಿಲ್ಲ. ಧೋತರದ ಒಡತಿ ಸೊಂಟದ ಮೇಲೆ ಕೈ ಇಟ್ಟು ನೋಡಿದಳು.

“ಅಕ್ಕಾರ, ಅರಿಷಿಣ ತಗೀರಿ ಅಂತ ಕೊಟ್ರ ಕುಂಕುಮಾನೂ ಹಚ್ಚಿ ಕೊಟ್ರಲ್ರಿ. ಇನ್ನ ಅಕ್ಕಿಕಾಳ ಒಂದ ಹಾಕಿಬಿಡ್ರಿ, ಪೂಜಾ ಆತು.”

ಎಲ್ಲರೂ ನಕ್ಕರು, ನಾನೂ ನಕ್ಕೆ. ನಿಂಬೆಹುಳಿ ಹಿಂಡಿ ಕೆಂಪು ಇಳಿಸಿ, ಬಿಸಿಲಿಗೆ ಹಾಕಲು ಹೇಳಿದೆ. ಮುಂದಿನ ವಾರ ಅವಳೇ ಧೋತರ ತಂದು ತೋರಿಸಿದಳು, ಬೆಳ್ಳಗಾಗಿತ್ತು. ಆ ತಪ್ಪು ಹಾನಿ ಮಾಡಲಿಲ್ಲ, ಏಕೆಂದರೆ ಅದು ಎಲ್ಲರ ಎದುರಿಗೆ ಆಯಿತು, ಅಲ್ಲೇ ಒಪ್ಪಿಕೊಂಡೆ. ಇದನ್ನು ಆಗಲೇ ಸರಿಯಾಗಿ ಅರ್ಥ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ನಾನು ಕಲಿತದ್ದು ಬೇರೆ. ಅರಿಷಿಣಕ್ಕೆ ಇನ್ನೂ ಬಲವಾದ ಔಷಧ ಬೇಕು ಎಂದು ಕಲಿತೆ.

ಆ ಔಷಧ ಬ್ಲೀಚಿಂಗ್ ಪುಡಿ. ಬಾವಿಗೆ ಹಾಕಲು ಆರೋಗ್ಯ ಇಲಾಖೆಯವರು ತರುತ್ತಿದ್ದರು. ಅವರಲ್ಲಿ ಒಬ್ಬರನ್ನು ಕೇಳಿ ಅರ್ಧ ಪೊಟ್ಟಣ ಇಸಕೊಂಡಿದ್ದೆ. ಒಂದು ತಂಬಿಗೆ ನೀರಿಗೆ ಎರಡು ಚಮಚ, ತಿಳಿ ಸೋಸಿ ಬಳಸಬೇಕು. ಬಿಳಿ ಹತ್ತಿ ಬಟ್ಟೆಗೆ ಮಾತ್ರ. ರೇಷ್ಮೆ ಮತ್ತು ಉಣ್ಣೆಗೆ ಮುಟ್ಟಿಸಲೇಬಾರದು, ಅವು ಕರಗಿಹೋಗುತ್ತವೆ. ಬಟ್ಟೆ ರೇಷ್ಮೆಯೋ ಅಲ್ಲವೋ ತಿಳಿಯದಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು ಸುಡಬೇಕು. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕಾಗದ ಸುಟ್ಟ ವಾಸನೆ ಬಂದರೆ ನಕಲಿ. ಈ ಮೂರನ್ನೂ ನಾನು ತಿಳಿದಿದ್ದೆ. ಕಡ್ಡಿಪೆಟ್ಟಿಗೆ ಟ್ರಂಕಿನಲ್ಲೇ ಇತ್ತು.

ಯರಗುಪ್ಪಿಯ ಆ ಓಣಿಯಲ್ಲಿ ಒಂದು ಪದ್ಧತಿ ಇತ್ತು. ರಾಚಪ್ಪಜ್ಜ ಎಂಬ ಹಿರಿಯರ ಮನೆಯಲ್ಲಿ ಜರಿ ಅಂಚಿನ ಒಂದು ಬಿಳಿ ಶಲ್ಯ. ಅವರು ತಮ್ಮ ಮದುವೆಗೆ ಕೊಂಡದ್ದು. ಆಮೇಲೆ ಓಣಿಯಲ್ಲಿ ಯಾರ ಮದುವೆಯಾದರೂ ವರನ ಹೆಗಲ ಮೇಲೆ ಅದೇ ಶಲ್ಯ. ಒಕ್ಕಲುತನದವರ ಮಗನಾಗಲಿ, ಕುರಿ ಕಾಯುವವರ ಮಗನಾಗಲಿ, ಕೇಳಿದವರಿಗೆ ಅಜ್ಜ ಕೊಡುತ್ತಿದ್ದರು. ಷರತ್ತು ಒಂದೇ. ಮದುವೆ ಮುಗಿದ ಮೇಲೆ ಹೊಸ ಸೊಸೆ ತಾನೇ ಅದನ್ನು ಸ್ವಚ್ಛ ಮಾಡಿ, ಮಡಚಿ, ಅಜ್ಜನ ಮನೆಗೆ ತಂದು ಕೊಡಬೇಕು. ಅದು ಆ ಓಣಿಯಲ್ಲಿ ಅವಳ ಮೊದಲ ಕೆಲಸ. ಎಲ್ಲರೂ ನೋಡುತ್ತಿದ್ದರು. ಶಲ್ಯಕ್ಕೆ ಒಂದು ಎಳೆ ಕೆಟ್ಟರೂ ಅದು ಸೊಸೆಯ ಕಾಲ್ಗುಣದ ಮೇಲೆ ಬರುತ್ತಿತ್ತು.

ಆ ದಿನ ಬಂದ ಹೊಸ ಸೊಸೆಯ ಹೆಸರು ನೀಲವ್ವ. ಮದುವೆಯಾಗಿ ಆರು ದಿನ. ಭೂಮದ ಊಟದಲ್ಲಿ, ಗಂಡ ಹೆಂಡತಿ ಒಂದೇ ಎಡೆಯಲ್ಲಿ ಉಣ್ಣುವಾಗ, ಗಂಡನಿಗೆ ತುತ್ತು ಕೊಡುತ್ತಿದ್ದ ಅವಳ ಕೈಯಿಂದಲೇ ಕಟ್ಟಿನ ಸಾರು ಶಲ್ಯದ ಮೇಲೆ ಬಿದ್ದಿತ್ತು. ಅಂಗೈ ಅಗಲದ ಕಲೆ, ಸುತ್ತ ಎಣ್ಣೆಯ ಗೆರೆ. ಅವಳ ಅತ್ತೆ ಫಕೀರವ್ವ ಶಲ್ಯವನ್ನು ಸೆರಗಿನಲ್ಲಿ ಮುಚ್ಚಿ ತಂದು ನನ್ನ ಕೈಗೆ ಕೊಟ್ಟಳು.

“ನಾಳೆ ಇದನ್ನ ಅಜ್ಜಗ ಒಪ್ಪಸಬೇಕ್ರಿ ಅಕ್ಕಾರ. ಕಲಿ ಹಂಗ ಇದ್ರ ಮಂದಿ ನಮ್ಮ ಹುಡಿಗಿನ್ನ ತಿಂದಬಿಡತಾರ.”

ಎರಡು ಬೆರಳಲ್ಲಿ ಬಟ್ಟೆ ಹಿಡಿದು ನೋಡಿದೆ. “ಯಾವ ಬಟ್ಟೀರಿ ಇದು?”

“ರೇಶ್ಮಿದ್ರಿ.”

ನಾನು ನಕ್ಕೆ. ಹಳ್ಳಿಗಳಲ್ಲಿ ಹೊಳೆಯುವ ಎಲ್ಲವನ್ನೂ ರೇಶ್ಮಿ ಎನ್ನುತ್ತಿದ್ದರು. ಅಂಥ ಹತ್ತು ರೇಶ್ಮಿಗಳಲ್ಲಿ ಒಂಬತ್ತು ನಕಲಿ ಎಂಬುದನ್ನು ನಾನೇ ಎಳೆ ಸುಟ್ಟು ಕಂಡಿದ್ದೆ. ಇನ್ನೂ ಒಂದು ಮಾತು ಇದೆ, ಅದನ್ನೂ ಬರೆಯುತ್ತೇನೆ. ಕುರಿ ಕಾಯುವವರಿಗೂ ಎರವಲು ಕೊಡುವ ಶಲ್ಯ ನಿಜವಾದ ರೇಷ್ಮೆ ಇರಲಾರದು ಎಂದುಕೊಂಡೆ. ಅಷ್ಟು ಬೆಲೆಯ ವಸ್ತುವನ್ನು ಯಾರೂ ಹಾಗೆ ಊರಿಗೆಲ್ಲ ಕೊಡುವುದಿಲ್ಲ ಎಂಬುದು ನನ್ನ ಲೆಕ್ಕ. ಅದು ನನ್ನ ಸ್ವಭಾವದ ಅಳತೆ, ರಾಚಪ್ಪಜ್ಜನದಲ್ಲ.

ಕಟ್ಟೆಯ ಕೆಳಗೆ ಗುರುಸಿದ್ಧವ್ವ ಕೂತಿದ್ದಳು. ನಾಲ್ವತ್ತರ ಹತ್ತಿರದ ಹೆಂಗಸು, ಮಾತು ನೇರ.

“ಅಕ್ಕಾರ, ಜ್ವಾಳದ ಹಿಟ್ಟ ಹಚ್ಚಿ ಎಣ್ಣಿ ತಗದು, ಮೂರ ದಿನಾ ಎಳೀ ಬಿಸಲಿಗೆ ಹಾಕಿದ್ರ ಹೊಕ್ಕೈತ್ರಿ. ಅಜ್ಜಗ ಮೂರ ದಿನಾ ತಡಾ ಆಕ್ಕೈತಿ ಅಂತ ನಾ ಹೇಳತೇನಿ.”

“ಮೂರ ದಿನಾ ಯಾಕ ಗುರುಸಿದ್ಧವ್ವ, ಮೂರ ನಿಮಿಷದಾಗ ಆಗೂದು,” ಎಂದೆ.

ನನ್ನ ಮೇಲಧಿಕಾರಿ ಮುಖ್ಯ ಸೇವಿಕೆ ಅಂದು ತಪಾಸಣೆಗೆ ಬಂದಿದ್ದರು. ನಾವೆಲ್ಲ ಅವರನ್ನು ಬಾಯಾರು ಎನ್ನುತ್ತಿದ್ದೆವು. ಕೆಟ್ಟವರಲ್ಲ. ಸೇವಿಕೆಯರ ಊಟ ಆಯಿತೇ ಎಂದು ಕೇಳುತ್ತಿದ್ದ ಒಬ್ಬರೇ ಅಧಿಕಾರಿ. ಆದರೆ ಅವರ ಡೈರಿಯಲ್ಲಿ ಕೊನೆಯ ಕಾಲಂ ‘ಫಲಿತಾಂಶ’ ಎಂದಿತ್ತು, ಅದಕ್ಕೆ ಕೊಟ್ಟ ಜಾಗ ಒಂದು ಬೆರಳು. ಅಲ್ಲಿ ಯಶಸ್ವಿ ಅಥವಾ ಅಪೂರ್ಣ, ಎರಡರಲ್ಲಿ ಒಂದು ಬರೆಯುತ್ತಿದ್ದರು. ಮೂರು ದಿನ ಬಿಸಿಲಿಗೆ ಹಾಕಲು ಹೇಳಿ ಬಂದರೆ ಅದು ಅಪೂರ್ಣ.

ಎಳೆ ಸುಡಲಿಲ್ಲ. ಕಡ್ಡಿಪೆಟ್ಟಿಗೆ ತೆಗೆಯಲು ಟ್ರಂಕಿನ ತಳದವರೆಗೆ ಕೈ ಹಾಕಬೇಕಿತ್ತು, ಅಷ್ಟೇ. ಪುಡಿ ಹಳೆಯದಾಗಿ ಬಲ ಕಳೆದುಕೊಂಡಿರಬಹುದೆಂದು ಎರಡು ಚಮಚದ ಜಾಗದಲ್ಲಿ ನಾಲ್ಕು ಹಾಕಿದೆ. ತಿಳಿ ಸೋಸಿ ಬೋಗುಣಿಗೆ ಸುರಿದೆ. ನೀಲವ್ವನನ್ನು ಕರೆದು ಕಲೆಯ ಭಾಗವನ್ನು ಅದ್ದಿ ಮೆಲ್ಲಗೆ ತಿಕ್ಕಲು ಹೇಳಿದೆ. ನೋಡುವವರ ಕೈಯಿಂದಲೇ ಕೆಲಸ ಮಾಡಿಸಬೇಕು ಎಂಬುದು ನಮಗೆ ಕಲಿಸಿದ ಪದ್ಧತಿ.

ಒಂದು ನಿಮಿಷಕ್ಕೆ ಹಳದಿ ಮಾಸಿತು. ಎರಡು ನಿಮಿಷಕ್ಕೆ ಇಲ್ಲವಾಯಿತು. ಹೆಂಗಸರು ಮುಂದೆ ಬಗ್ಗಿ ನೋಡಿದರು. ಫಕೀರವ್ವ ಎರಡೂ ಕೈ ಗಲ್ಲಕ್ಕೆ ಒತ್ತಿಕೊಂಡಳು. “ಗುರುಸಿದ್ಧಿ, ನಿನ್ನ ಬಿಸಲ ನೀನ ಇಟಗೋ ಬೇ,” ಎಂದು ಹಿಂದಿನಿಂದ ಯಾರೋ ಅಂದರು. ಬಾಯಾರು ಪೆನ್ನು ತೆಗೆದರು.

ಆಗ ನೀಲವ್ವ ತಲೆ ಎತ್ತದೆ ಮೆಲ್ಲಗೆ ಹೇಳಿದಳು: “ಅಕ್ಕಾರ, ಕೈಯಾಗ ಜಾರಾಕತ್ತೈತ್ರಿ. ಲೋಳಿ ಲೋಳಿ ಆಗೇತ್ರಿ.”

“ಅದು ಪುಡೀದ ಗುಣ. ತಿಕ್ಕು ನೀ,” ಎಂದೆ.

ಪುಡಿಯ ಗುಣ ಎಂಬುದು ಪೂರ್ತಿ ಸುಳ್ಳಲ್ಲ, ಆ ನೀರು ಬೆರಳಿಗೆ ಸ್ವಲ್ಪ ಜಾರುತ್ತದೆ. ಆದರೆ ಅವಳು ನೀರು ಜಾರುತ್ತಿದೆ ಎಂದಿರಲಿಲ್ಲ. ನನಗೆ ಅದು ಕೇಳಿಸಿತ್ತು. ಅವಳು ಇನ್ನೊಂದು ನಿಮಿಷ ತಿಕ್ಕಿದಳು. ಆಮೇಲೆ ನಾನು ಬಗ್ಗಿ ಶಲ್ಯವನ್ನು ಎತ್ತಿ ಬಕೆಟ್ಟಿನ ಶುದ್ಧ ನೀರಿನಲ್ಲಿ ಅದ್ದಿದೆ. ಅದ್ದಿ ಎತ್ತುವಾಗ ನನ್ನ ಹೆಬ್ಬೆರಳ ಉಗುರಿಗೆ ಬಿಳಿ ಎಳೆಗಳು ಅಂಟಿಕೊಂಡು ಬಂದವು. ಕಲೆ ಇದ್ದ ಜಾಗ ಉಳ್ಳಾಗಡ್ಡಿಯ ಒಳಸಿಪ್ಪೆಯಷ್ಟು ತೆಳ್ಳಗಾಗಿತ್ತು. ಅದರ ಆಚೆ ನನ್ನ ಅಂಗೈ ಕಾಣುತ್ತಿತ್ತು.

ನನಗೆ ಆಗಲೇ ಗೊತ್ತಾಯಿತು. ಇದನ್ನು ನಿಧಾನವಾಗಿ ಬರೆಯಬೇಕು. ಆಗ ಗೊತ್ತಾಗಲಿಲ್ಲ, ಆಮೇಲೆ ಗೊತ್ತಾಯಿತು ಎಂದು ಹಲವು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ಎಳೆಗಳನ್ನು ನನ್ನ ಸೆರಗಿಗೆ ಒರೆಸಿಕೊಂಡೆ. ತೆಳ್ಳಗಾದ ಭಾಗವನ್ನು ಒಳಗೆ ಮಾಡಿ, ಮೇಲೆ ಜರಿ ಅಂಚು ಬರುವಂತೆ ಎರಡು ಮಡಿಕೆ ಹಾಕಿ, ಅದನ್ನು ನೀಲವ್ವನ ಎರಡೂ ಕೈಗಳ ಮೇಲೆ ಇಟ್ಟೆ. “ನೆರಳಿಗೆ ಹಾಕು. ಹಿಂಡಬ್ಯಾಡ,” ಎಂದೆ. ಅವಳು ನನ್ನ ಕೈ ನೋಡಿದಳು, ಮುಖ ನೋಡಿದಳು, ಎದ್ದು ಹೋದಳು.

ಬಸ್ಸಿನಲ್ಲಿ ಬಾಯಾರು ಡೈರಿ ಮುಚ್ಚುವ ಮೊದಲು ಕೇಳಿದರು, “ಏನ್ರೀ, ಅದು ಖರೇ ರೇಷ್ಮೆ ಅಲ್ಲ ಹೌದಲ್ಲೋ?”

“ಅಲ್ರಿ,” ಎಂದೆ.

ಅವರು ಬರೆದದ್ದು ‘ಯಶಸ್ವಿ’.

ಎರಡು ವಾರದ ಮೇಲೆ ನನ್ನ ಪಾಳಿ ಮತ್ತೆ ಯರಗುಪ್ಪಿಗೆ ಬಂತು. ಫಕೀರವ್ವ ಬಸ್ಸು ನಿಲ್ಲುವಲ್ಲಿಗೇ ಬಂದಿದ್ದಳು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡೆ. ಅವಳು ನನ್ನ ಟ್ರಂಕಿಗೆ ಕೈ ಹಾಕಿ ಇಳಿಸಿದಳು.

“ನೀವ ಅಗದಿ ಚಲೋ ಮಾಡಿ ಕೊಟ್ಟಿದ್ರಿ ಅಕ್ಕಾರ. ನಮ್ಮ ದೈವ ನೋಡ್ರಿ. ಒಣಗಿದ ಮ್ಯಾಲ ಮಡಚಾಕ ತಗೊಂಡ್ಳು, ನಡುವ ಪರ್ ಅಂತ ಹರೀತು. ಇಷ್ಟ ವರ್ಷ ಇಷ್ಟ ಮಂದಿ ಮಡಚಿದ್ದು ಇಕಿ ಕೈಯಾಗ ಹರೀಬೇಕ. ಏನ ಕಾಲ್ಗುಣಾ ತಂದಾಳೋ.”

ನಾವು ನಡೆಯುತ್ತ ರಾಚಪ್ಪಜ್ಜನ ಮನೆಯ ಮುಂದೆ ಬಂದಿದ್ದೆವು. ಅಜ್ಜ ಪಡಸಾಲೆಯಲ್ಲಿ ಜೋಳದ ತೆನೆ ಬಡಿಯುವವರಿಗೆ ನೀರು ಕೊಡಿಸುತ್ತಿದ್ದರು. ನನ್ನನ್ನು ಕಂಡು ಒಳಗಿನಿಂದ ಶಲ್ಯ ತರಿಸಿ ತೋರಿಸಿದರು. ಎರಡು ಮೊಳ ಉದ್ದಕ್ಕೆ ಸೀಳಿತ್ತು. ಸೀಳಿನ ಸುತ್ತ ಬಟ್ಟೆ ಪುಡಿಯಾಗುತ್ತಿತ್ತು. ಅವರು ಕಲಿತ ಮನುಷ್ಯ, ಅವರಿಗೆ ನನ್ನಿಂದ ಒಂದು ಉತ್ತರ ಬೇಕಾಗಿತ್ತು.

“ಇದು ಹಂಗ್ಯಾಕ ಆತ್ರಿ ಅಕ್ಕಾರ? ನಿಮಗ ಇದರ ತಿಳವಳಿಕಿ ಐತಿ.”

ಫಕೀರವ್ವ ಪಕ್ಕದಲ್ಲಿದ್ದಳು. ನೀಲವ್ವ ಎದುರು ಮನೆಯ ಬಾಗಿಲಲ್ಲಿ ನಿಂತು ನಮ್ಮನ್ನು ನೋಡುತ್ತಿದ್ದಳು. ನಾನು ಹೇಳಬೇಕಾಗಿದ್ದ ಮಾತು ಇಷ್ಟೇ: ಇದನ್ನು ಸುಟ್ಟದ್ದು ನನ್ನ ಪುಡಿ. ಹೇಳಿದ್ದರೆ ಅಜ್ಜ ಬೈಯುತ್ತಿದ್ದರು, ಬಾಯಾರಿಗೆ ತಿಳಿಯುತ್ತಿತ್ತು, ಕಾರಣ ಕೇಳಿ ಇಲಾಖೆಯಿಂದ ನನಗೆ ಒಂದು ಕಾಗದ ಬರುತ್ತಿತ್ತು. ಆ ಓಣಿಯ ಪಾಠಕ್ಕೆ ಕೆಲವು ತಿಂಗಳು ಯಾರೂ ಬರುತ್ತಿರಲಿಲ್ಲ. ಇಷ್ಟೇ ಆಗುತ್ತಿತ್ತು. ಆಗ ಅದು ದೊಡ್ಡದಾಗಿ ಕಂಡಿತು.

“ಹಳೇದಾಗಿತ್ತೇನೋ ಅಜ್ಜಾರ. ಎಳಿ ಸಡ್ಲಾಗಿರತಾವ,” ಎಂದೆ.

“ಹಳೇದು ಅಂದ್ರ ಹೌದು,” ಎಂದರು ಅಜ್ಜ. ಶಲ್ಯವನ್ನು ತಾವೇ ಸುತ್ತಿಕೊಂಡು ಒಳಗೆ ಹೋದರು. ಅವರು ನೀಲವ್ವನನ್ನು ಎಂದೂ ಒಂದು ಮಾತೂ ಅಂದವರಲ್ಲ. ಆದರೆ ಆಮೇಲೆ ಆ ಓಣಿಯ ಮದುವೆಗಳಿಗೆ ಶಲ್ಯ ಇರಲಿಲ್ಲ. ಪ್ರತಿ ಮದುವೆಯಲ್ಲೂ ಅದು ಯಾಕಿಲ್ಲ ಎಂಬ ಮಾತು ಬರುತ್ತಿತ್ತು, ಮಾತಿನ ಹಿಂದೆ ಅವಳ ಹೆಸರು ಬರುತ್ತಿತ್ತು.

ನಾನು ಯರಗುಪ್ಪಿಗೆ ಇನ್ನೂ ಎರಡು ವರ್ಷ ಹೋದೆ. ಆ ಎರಡು ವರ್ಷದಲ್ಲಿ ಕಂಡದ್ದನ್ನು ಬರೆಯುತ್ತೇನೆ. ಮದುವೆ ಮನೆಯಲ್ಲಿ ವರನಿಗೆ ಅರಿಷಿಣ ಹಚ್ಚಲು ಐದು ಮಂದಿ ಮುತ್ತೈದೆಯರನ್ನು ಕರೆಯುವಾಗ ಓಣಿಯವರು ನೀಲವ್ವನ ಮನೆ ದಾಟಿ ಮುಂದಿನ ಮನೆಗೆ ಹೋಗುತ್ತಿದ್ದರು. ಊಟಕ್ಕೆ ಕರೆಯುತ್ತಿದ್ದರು, ಕೆಲಸಕ್ಕೆ ಕರೆಯುತ್ತಿದ್ದರು. ಅವಳು ಮುಸುರೆ ತೊಳೆಯುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ಅರಿಷಿಣದ ಬಟ್ಟಲು ಮಾತ್ರ ಅವಳ ಕೈಗೆ ಬರುತ್ತಿರಲಿಲ್ಲ. ಓಣಿ ಅವಳಿಗೆ ಒಂದು ಹೆಸರನ್ನೂ ಇಟ್ಟಿತು: ಶಲ್ಲೆ ಹರದಾಕಿ. ಅವಳು ನನ್ನ ಪಾಠಗಳಿಗೆ ತಪ್ಪದೆ ಬರುತ್ತಿದ್ದಳು, ಹಿಂದೆ ಕೂರುತ್ತಿದ್ದಳು. ಪ್ರತಿ ಸಲ ಪಾಠ ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತೇ ಇರುತ್ತಿದ್ದಳು. ಪಾಠ ಇಷ್ಟವಾಯಿತು ಎಂದುಕೊಳ್ಳುವುದು ನನಗೆ ಸುಲಭವಾಗಿತ್ತು.

ನನ್ನ ಕೆಲಸದ ರೀತಿ ಬದಲಾಯಿತು. ಬ್ಲೀಚಿಂಗ್ ಪುಡಿಯನ್ನು ಬಟ್ಟೆಗೆ ಮತ್ತೆಂದೂ ಬಳಸಲಿಲ್ಲ. ಕಡ್ಡಿಪೆಟ್ಟಿಗೆಯನ್ನು ಟ್ರಂಕಿನ ಮೇಲೆ ಇಡತೊಡಗಿದೆ. ನವಲಗುಂದದಲ್ಲಿ ಪಾಠ ಶುರು ಮಾಡುವ ಮುಂಚೆ ಅಲ್ಲಿಯ ಹೆಂಗಸರನ್ನೇ ಕೇಳುತ್ತಿದ್ದೆ: ಈ ಕಲೆಗೆ ನೀವು ಏನು ಮಾಡುತ್ತೀರಿ? ಜೋಳದ ಹಿಟ್ಟು ಎಂದರೆ ಜೋಳದ ಹಿಟ್ಟು, ಬಿಸಿಲು ಎಂದರೆ ಬಿಸಿಲು. ಅಪೂರ್ಣ ಎಂದು ಬರೆಸಿಕೊಂಡು ಬರುತ್ತಿದ್ದೆ. ಹೊಸಬರಿಗೆ ಕಲಿಸುವಾಗ, ನೀರಿನಲ್ಲಿ ಕೈ ಇಟ್ಟವಳು ಏನಾದರೂ ಹೇಳಿದರೆ ಮೊದಲು ಬಟ್ಟೆ ಹೊರಗೆ ತೆಗೆಯಿರಿ, ಮಾತು ಆಮೇಲೆ ಎಂದು ಹೇಳುತ್ತಿದ್ದೆ. ಯಾಕೆ ಎಂದು ಹೇಳುತ್ತಿರಲಿಲ್ಲ. ಒಳ್ಳೆಯ ಸೇವಿಕೆ ಎಂಬ ಹೆಸರು ಬಂತು. ಅದರಿಂದ ಯರಗುಪ್ಪಿಯಲ್ಲಿ ಏನೂ ಬದಲಾಗಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ದಿನ ಬಸ್ಸು ಹತ್ತಿ ಅಲ್ಲಿಗೆ ಹೋದೆ. ರಾಚಪ್ಪಜ್ಜ ತೀರಿಕೊಂಡು ಬಹಳ ವರ್ಷವಾಗಿತ್ತು, ಫಕೀರವ್ವನೂ ಹೋಗಿದ್ದಳು. ನೀಲವ್ವ ಹೊರಗೆ ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತಿದ್ದಳು. ಕೂದಲು ನನ್ನದರಷ್ಟೇ ಬೆಳ್ಳಗಾಗಿತ್ತು. ಗುರುತು ಹಿಡಿದು ನೀರು ಕೊಟ್ಟಳು. ನಾನು ಕೂತು, ಮೇಲೆ ಬರೆದದ್ದನ್ನೆಲ್ಲ, ಬರೆದ ಕ್ರಮದಲ್ಲೇ ಹೇಳಿದೆ. ಅವಳು ಮೊರ ಕೇರುವುದನ್ನು ನಿಲ್ಲಿಸಲಿಲ್ಲ.

“ಗೊತ್ತೈತ್ರಿ ಅಕ್ಕಾರ. ನೀವ ಒಳಗ ಮಡಚಿದ್ದ ನಾ ನೋಡೇನಿ.”

“ಮತ್ತ ಯಾಕ ಹೇಳಲಿಲ್ಲ ನೀಲವ್ವ?”

“ಯಾರ ಮುಂದ ಹೇಳ್ಲಿ? ಬಂದ ಆರ ದಿನದ ಸೊಸಿ. ಸರಕಾರದ ಅಕ್ಕಾರ ಕೆಡಸ್ಯಾರ ಅಂದ್ರ ಯಾರ ಕೇಳ್ಯಾರು. ಕಾಲ್ಗುಣಾನೂ ಕೆಟ್ಟದ್ದು, ಬಾಯೀನೂ ಕೆಟ್ಟದ್ದು ಅಂತಿದ್ರು.” ಮೊರದಿಂದ ಒಂದು ಹರಳು ಆರಿಸಿ ಎಸೆದಳು. “ನೀವ ಹೇಳತೀರಿ ಅಂತ ಮಾಡಿದ್ನಿ. ಈ ಸಲಾ ಹೇಳತಾರ, ಮುಂದಿನ ಸಲಾ ಹೇಳತಾರ. ಅದಕ್ಕ ಬಂದ ಕೂಡತಿದ್ದೆ.”

ಅವಳು ಮೊರವನ್ನು ಇನ್ನೊಮ್ಮೆ ಕೇರಿದಳು.

“ಮಗಳ ಲಗ್ನದಾಗ ನನ್ನ ಕೈಲೆ ಅರಿಷಿಣಾ ಹಚ್ಚಸ್ಯಾರ್ರಿ. ಅದಕ್ಕ ಯಾರ ಅಡ್ಡ ಬರ್ತಾರ. ಆದ್ರ ನನ್ನ ಮೈದುನನ ಲಗ್ನದಾಗ ಆ ಕ್ವಾಣ್ಯಾಗ ಕುಂತಿದ್ನಿ, ಬಾಗಲಾ ಹಾಕ್ಕೊಂಡು.” ಅವಳು ಕೋಣೆಯತ್ತ ಕೈ ತೋರಿಸಲೂ ಇಲ್ಲ. “ಈಗ ಬಂದ ಹೇಳಿದ್ರಿ, ಚಲೋ ಆತು. ಕೇಳಬೇಕಾದವ್ರ ಯಾರೂ ಇಲ್ರಿ ಈಗ. ಊಟಾ ಮಾಡ್ತೀರೇನ?”

ಊಟ ಮಾಡಿಕೊಂಡು ಬಂದೆ. ಕೇಳಬೇಕಾದವರು ಇಲ್ಲವೆಂದು ಅವಳು ಹೇಳಿದ್ದರಿಂದಲೇ ಇದನ್ನು ಬರೆದಿದ್ದೇನೆ.

ನಾನು ಬರೆದದ್ದನ್ನು ಪರೀಕ್ಷಿಸಬೇಕೆನ್ನುವವರಿಗೆ ಹೇಳುತ್ತೇನೆ: ಅಂದು ಕಟ್ಟೆಯ ಹತ್ತಿರ ಇದ್ದವರಲ್ಲಿ, ನನಗೆ ತಿಳಿದ ಮಟ್ಟಿಗೆ, ನನ್ನನ್ನು ಬಿಟ್ಟು ಇಬ್ಬರು ಈಗಲೂ ಇದ್ದಾರೆ. ಗುರುಸಿದ್ಧವ್ವ ಗುಡಗೇರಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಿವಿ ಮಂದವಾಗಿದೆ, ನೆನಪು ಮಂದವಾಗಿಲ್ಲ. ಕಲೆ ಹೋದದ್ದನ್ನು ಅವಳು ಕಂಡಿದ್ದಾಳೆ, ಬಟ್ಟೆ ತೆಳ್ಳಗಾದದ್ದನ್ನು ಕಂಡಿಲ್ಲ. ಅದನ್ನು ಕಂಡವಳು ನೀಲವ್ವ ಒಬ್ಬಳೇ. ಅವಳು ಯರಗುಪ್ಪಿಯ ಅದೇ ಮನೆಯಲ್ಲಿದ್ದಾಳೆ. ಓಣಿಯಲ್ಲಿ ನೀಲವ್ವನ ಮನೆ ಯಾವುದು ಎಂದು ಕೇಳಿದರೆ ವಯಸ್ಸಾದ ಕೆಲವರು ಯಾವ ನೀಲವ್ವ ಎಂದು ತಿರುಗಿ ಕೇಳಬಹುದು, ಆ ಇನ್ನೊಂದು ಹೆಸರನ್ನು ಹೇಳಿ ಅವಳೇ ಏನು ಎನ್ನಬಹುದು. ಹೌದು ಎನ್ನಬೇಡಿ. ನೀಲವ್ವ ಎಂದೇ ಮತ್ತೊಮ್ಮೆ ಕೇಳಿ.